ಸೋಫಾದಡಿಯ ಗೊಣಗ

ನನ್ನ ಭಾವ ಸೋಫಾ ರಿಪೇರಿ ಮಾಡುವವರು; ಪಕ್ಕದ ಬೀದಿಯಲ್ಲೇ ಅವರ ಅಂಗಡಿ. ಮದುವೆಯಾಗಲಿಲ್ಲ, ತಮ್ಮನ ಸಂಸಾರವೇ, ಎಂದರೆ ನಮ್ಮದೇ, ಅವರ ಸಂಸಾರ. ತುಟಿಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಹೊಡೆಯುತ್ತಾ ಅವುಗಳ ಸಂದಿಯಲ್ಲೇ ಮಾತಾಡುತ್ತಾರೆ. ಎಲ್ಲಿ ನುಂಗಿಬಿಡುತ್ತಾರೋ ಎಂದು ನನಗೆ ಭಯ.

ಅವರ ನಾಯಿಯ ಹೆಸರು ಗೊಣಗ. ಒರಟು ಕೂದಲಿನ ಪುಟ್ಟ ಟೆರಿಯರ್. ಇಲಿ ಹಿಡಿಯಲು ಬಿಲಕ್ಕೇ ನುಗ್ಗುವ ಜಾತಿ; ಕತ್ತಲ ಸಂದು ಕಂಡರೆ ತನ್ನದೇ ಎನ್ನುತ್ತದೆ. ನಮ್ಮ ಮನೆಯ ಸೋಫಾದಡಿ ಅದರ ಬಿಲವಾಗಿತ್ತು. ಸಂಜೆ ಭಾವ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಳೇ ಸೋಫಾದ ನಾರು ಬಿಡಿಸುವ ಹಾಗೆ, ಸತ್ತ ಕೂದಲನ್ನು ಬೆರಳಲ್ಲೇ ಕೀಳುತ್ತಿದ್ದರು. ಕತ್ತರಿ ತಾಕಿಸಬಾರದಂತೆ. ಬೇರೆ ಯಾರ ಕೈಯನ್ನೂ ಅದು ಸಹಿಸುತ್ತಿರಲಿಲ್ಲ.

ಮಗಳು ಅಂಬೆಗಾಲಿಡತೊಡಗಿದ್ದಳು. ಒಂದು ದಿನ ಚೆಂಡು ಸೋಫಾದಡಿ ಉರುಳಿತು, ಅವಳು ಕೈ ಹಾಕಿದಳು. ಒಳಗಿನಿಂದ ಗುರ್ರ್! ನಾನು ಕಿರುಚಿಕೊಂಡು ಅವಳನ್ನು ಎಳೆದುಕೊಂಡೆ.

"ಭಾವ, ನಾಯಿನ ಯಾರಿಗಾದ್ರೂ ಕೊಟ್ಬಿಡಿ. ಕಚ್ಚಿದ ಮೇಲೆ ಅತ್ರೆ ಏನು ಬಂತು?"

"ಕಚ್ಚಲಿಲ್ವಲ್ಲಮ್ಮ. ಹತ್ರ ಬರಬೇಡ ಅಂತ ಹೇಳ್ತು, ಅಷ್ಟೆ."

"ಅದು ಇವಳಿಗೆ ಅರ್ಥ ಆಗಬೇಕಲ್ಲ!"

"ಅಣ್ಣ, ಈ ಮನೇಲಿ ನಾಯಿಗಿಂತ ಜಾಸ್ತಿ ಗುರ್ ಅನ್ನೋಳು ಇವಳೇ" ಎಂದರು ನನ್ನ ಗಂಡ.

ಭಾವ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ಸೋಫಾವನ್ನು ಮಗುಚಿ ಹಾಕಿ, ಕಾಲುಗಳ ಸುತ್ತ ನೆಲದವರೆಗೂ ಹಲಗೆ ಹೊಡೆದರು. "ಇನ್ನು ಮಗೂನೂ ಹೋಗಲ್ಲ, ಇವನೂ ಹೋಗಲ್ಲ." ಬಿಲ ಮುಚ್ಚಿದರೆ ಕಾವಲೂ ಮುಗಿಯಿತು ಅಂದುಕೊಂಡೆವು. ಗೊಣಗ ಹಗಲೂ ರಾತ್ರಿಯೂ ಹಲಗೆ ಕೆರೆಯಿತು, ಬೊಗಳಿ ಬೊಗಳಿ ದನಿ ಕಟ್ಟಿತು. ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ರಕ್ತದ ಗೆರೆಗಳು.

ಭಾವ ಅದರ ಪಂಜ ತೊಳೆದು ಬಟ್ಟೆ ಸುತ್ತಿದರು. ಆಮೇಲೆ ತಮ್ಮ ಹಾಸಿಗೆ ಸುತ್ತಿದರು.

"ನಾಯಿನ ಕಳಿಸಿ ಅಂದೆ ಭಾವ, ನಿಮ್ಮನ್ನಲ್ಲ."

"ಗೊತ್ತಮ್ಮ. ನಿನ್ನ ಭಯಾನೂ ಸುಳ್ಳಲ್ಲ. ಆದ್ರೆ ಇವನು ಇನ್ಯಾರ ಕೈಲಿ ಕೂದಲು ಕೀಳಿಸ್ಕೋತಾನೆ ಹೇಳು? ಅಂಗಡಿ ಏನು ದೂರಾನಾ? ಅಲ್ಲಿ ಸೋಫಾಗೇನು ಬರವಾ?"

ಈಗ ಅವರು ಅಂಗಡಿಯಲ್ಲೇ ಮಲಗುತ್ತಾರೆ. ನನ್ನ ಭಯ ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ; ಆದರೂ ಮನೆಯಲ್ಲಿ ಅವರ ತಟ್ಟೆಯನ್ನು ನಮ್ಮ ತಟ್ಟೆಗಳ ಜೊತೆಗೇ ತೊಳೆದಿಡುತ್ತೇನೆ. ದಿನವೂ ಊಟ ತೆಗೆದುಕೊಂಡು ಹೋಗುತ್ತೇನೆ, ಮಗಳನ್ನು ಸೊಂಟದಿಂದ ಇಳಿಸದೆ. ರಿಪೇರಿಗೆ ಬಂದ ಯಾರದೋ ಸೋಫಾದಡಿಯಿಂದ ಗುರ್ರ್ ಎನ್ನುತ್ತದೆ. ಮಗಳೂ ಗುರ್ರ್ ಎನ್ನುತ್ತಾಳೆ. ಭಾವ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ, ಪಕ್ಕಕ್ಕಿಟ್ಟು, ಅವಳಿಗಾಗಿ ಕೈ ಚಾಚುತ್ತಾರೆ.

ನಾನು ಮೊದಲು ಸೋಫಾದ ಕಡೆ ನೋಡುತ್ತೇನೆ. ಆಮೇಲೆ ಕೊಡುತ್ತೇನೆ.