ಅರ್ಧ ಸೆಂಟಿಮೀಟರ್ ಮುಂದೆ

ನೇರವಾಗಿ ಕೇಳ್ತೀನಿ. ನೀವು ಮಾಡಿದ ತಪ್ಪಿಗೆ ಬೇರೆಯವರ ಕೆಲಸ ಹೋಗಿ, ನೀವು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದು ಇದೆಯಾ?

ನಾನು ನಿಂತಿದ್ದೆ.

ನನಗೆ ಕೆಲಸ ಕಲಿಸಿದವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿಗೆ ಪೆನ್ಸಿಲಿನ ಮೊನೆ ಆನಿಸಿ, ಬೆರಳನ್ನು ಹಿಮದಲ್ಲಿ ಜಾರಲು ಕಾಲಿಗೆ ಹಾಕುವ ಸ್ಕೀ ಹಲಗೆಯ ಅಂಚಿನುದ್ದಕ್ಕೂ ಜಾರಿಸಿ ಗೆರೆ ಎಳೆಯುತ್ತಿದ್ದರು. ಸ್ಕೇಲಿಟ್ಟು ನೋಡಿದರೆ ಒಂದು ಕೂದಲಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಎಲ್ಲರೂ ಅವರನ್ನು ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆವು.

ದುಬೈನಲ್ಲಿ ಮಾಲಿನೊಳಗೊಂದು ಹಿಮದ ಇಳಿಜಾರು. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಸೊನ್ನೆಗಿಂತ ಕೆಳಗೆ. ಅದರ ಬದಿಯ ವರ್ಕ್‌ಶಾಪಿನಲ್ಲಿ ನಾವಿಬ್ಬರು. ಅವರು ಬಂಟ್ವಾಳ ಕಡೆಯ ಮರಗೆಲಸದವರು. ಕಟ್ಟಡಕ್ಕೆ ಬಾಗಿಲು ಕೂರಿಸಲು ಬಂದು ಅಲ್ಲೇ ಉಳಿದುಬಿಟ್ಟವರು. ನಾನು ಮೈಸೂರಿನವನು. ಹೋಟೆಲ್ ಕೆಲಸ ಹೋದ ಮೇಲೆ, ನಲವತ್ತು ದಾಟಿ, ಅವರ ಕೈಕೆಳಗೆ ಸೇರಿದೆ.

ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಕ್ಲಿಪ್ಪಿಗೆ ಬೈಂಡಿಂಗ್ ಅಂತಾರೆ. ಅದನ್ನು ಎಲ್ಲಿ ಕೂರಿಸಬೇಕು ಅನ್ನುವುದೇ ನಮ್ಮ ಕೆಲಸ. ಮುಂದೆ ಕೂರಿಸಿದರೆ ಸ್ಕೀ ಬೇಗ ತಿರುಗುತ್ತದೆ. ಹಿಂದೆ ಕೂರಿಸಿದರೆ ಮೆತ್ತನೆ ಹಿಮದಲ್ಲಿ ಮೂತಿ ಹೂತುಹೋಗುವುದಿಲ್ಲ. ಕಂಪನಿಯವರು ಸ್ಕೀ ಮೇಲೆ ಒಂದು ಗೆರೆ ಹಾಕಿರುತ್ತಾರೆ, ಬೂಟಿನ ನಡುಗೆರೆಯನ್ನು ಅದಕ್ಕೆ ತಾಗಿಸಿದರೆ ಮುಗೀತು ಅಂತ ನಾನಂದುಕೊಂಡಿದ್ದೆ.

“ಫ್ಯಾಕ್ಟರಿಯವ ಗೆರೆ ಹಾಕಿದ್ದಾನೆ ಮಾರಾಯ. ಅವ ಇವರ ಕಾಲು ನೋಡಿದ್ದಾನಾ?” ಅಂತ ಮೇಸ್ತ್ರಿ ಗಿರಾಕಿಗೆ ಬೂಟು ಹಾಕಿಸಿ ನಡೆಸುತ್ತಿದ್ದರು, ಮೊಣಕಾಲು ಮಡಿಸಿ ನಿಲ್ಲಿಸುತ್ತಿದ್ದರು. ಭಾರ ಹಿಮ್ಮಡಿ ಮೇಲೆ ಬೀಳುತ್ತದೋ ಬೆರಳಿನ ಮೇಲೋ ನೋಡಿದ ಮೇಲೇ ಪೆನ್ಸಿಲ್. ನನ್ನ ಕೆಲಸ ನೋಡಿದರೆ ನಗು. “ಮೈಸೂರಿನವರದ್ದು ಮಾತು ಮಾತ್ರ ನೆಟ್ಟಗೆ. ತೂತು ನೋಡು, ಎಡಕ್ಕೆ ವಾಲಿದೆ.”

ಇಷ್ಟೆಲ್ಲ ಮಾಡಿದ ಮನುಷ್ಯ ಆಕಾಶದಿಂದ ಬಿದ್ದ ಹಿಮ ನೋಡಿರಲಿಲ್ಲ. ಇಲ್ಲಿನ ರೆಸಿಡೆನ್ಸ್ ವೀಸಾ ಇದ್ದರೆ ಹಿಮ ಬೀಳುವ ಜಾರ್ಜಿಯಾಕ್ಕೆ ಬೇರೆ ವೀಸಾ ಬೇಡ. ಜನವರಿಗೆ ಟಿಕೆಟ್ ಮಾಡಿಸಿದ್ದರು. ಅಷ್ಟರಲ್ಲಿ ವೀಸಾ ರಿನ್ಯೂ ಆಗಬೇಕಿತ್ತು. ಅರವತ್ತು ಹತ್ತಿರ ಬಂದಿತ್ತು. “ಇದೊಂದು ಸಲ ರಿನ್ಯೂ ಆದ್ರೆ ಸಾಕು. ನಿಜದ ಬೆಟ್ಟ ನೋಡಿ ಬಂದು ಊರಿಗೆ ಹೋಗಿಬಿಡ್ತೇನೆ” ಅನ್ನುತ್ತಿದ್ದರು.

ಡಿಸೆಂಬರಿನಲ್ಲಿ ಒಬ್ಬರು ಬಂದರು. ಬೆಂಗಳೂರಿನವರು, ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು. ಹದಿನಾಲ್ಕು ವರ್ಷದ ಮಗಳು ರೇಸಿಗೆ ಇಳಿಯುವವಳು. ಅವಳ ಸ್ಕೀಗೆ ಮೇಸ್ತ್ರಿಯೇ ಬೈಂಡಿಂಗ್ ಕೂರಿಸಿದ್ದರು.

“ಅರ್ಧ ಸೆಂಟಿಮೀಟರ್ ಮುಂದಕ್ಕೆ ತಗೊಳ್ಳಿ. ಇನ್ನೂ ಬೇಗ ತಿರುಗಬೇಕು ಇವಳು.”

“ಆಗುದಿಲ್ಲ ಸರ್. ಹಳೇ ತೂತಿಗೆ ತಾಗಿಯೇ ಹೊಸ ತೂತು ಬರ್ತದೆ. ಸ್ಕ್ರೂ ಹಿಡಿಯುದಿಲ್ಲ.”

“ಬರೀ ಅರ್ಧ ಸೆಂಟಿಮೀಟರ್ ಕಣ್ರೀ!”

“ಅರ್ಧ ಸೆಂಟಿಮೀಟರು ಹುಡುಗಿಗೆ ಗೊತ್ತಾಗುದಿಲ್ಲ ಸರ್. ಒಳಗಿನ ಮರಕ್ಕೆ ಗೊತ್ತಾಗ್ತದೆ.”

ಹುಡುಗಿ ಫೋನಿನಿಂದ ತಲೆಯೆತ್ತಿ, “ಲೀವ್ ಇಟ್ ಪಪ್ಪಾ” ಅಂದಳು. ಹೋದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ವೀಸಾದ ಮೆಡಿಕಲ್‌ಗೆ ಹೋಗಿದ್ದರು. ಹುಡುಗಿಯ ಅಪ್ಪ ಒಬ್ಬರೇ ಸ್ಕೀ ಹಿಡಿದು ಮತ್ತೆ ಬಂದರು. “ನಮ್ಮೂರ ಕಡೆಯವರು ನೀವು, ಆ ಮನುಷ್ಯನಿಗೆ ವಯಸ್ಸಾಯ್ತು, ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತೆ” ಅಂದರು. ಅಷ್ಟು ಸಾಕಾಯಿತು ನನಗೆ. ಹಳೇ ತೂತಿಗೆ ಪ್ಲಾಸ್ಟಿಕ್ ಬೆಣೆ ಬಡಿದೆ, ಗೋಂದು ತುಂಬಿದೆ, ಹೊಸದು ಕೊರೆದೆ. ಕೆಲಸ ಮುಗಿದ ಮೇಲೆ ತುಂಬುವ ಫಾರ್ಮಿಗೆ ಸೀನಿಯರ್, ಅಂದರೆ ಮೇಸ್ತ್ರಿಯ ಸಹಿಯೇ ಬೇಕು. ಅವರಿಲ್ಲದಾಗ ಅವರ ಸಹಿ ನಾನೇ ಹಾಕುವುದು ನಮ್ಮಲ್ಲಿ ರೂಢಿ. ಹಾಕಿದೆ. ಮಧ್ಯಾಹ್ನ ವಾಪಸ್ ಬಂದವರಿಗೆ ಹೇಳಲಿಲ್ಲ.

ಎರಡನೇ ದಿನದ ಪ್ರಾಕ್ಟೀಸಿನಲ್ಲಿ ಬಲಗಾಲಿನ ಬೈಂಡಿಂಗ್ ಸ್ಕ್ರೂ ಸಮೇತ ಕಿತ್ತು ಬಂತು. ಹುಡುಗಿ ಬಿದ್ದ ಶಬ್ದಕ್ಕಿಂತ ಅವಳು ಕೂಗಿದ್ದು ನನಗೆ ನೆನಪಿದೆ. ಮೊಣಕಾಲು ಹೋಗಿತ್ತು. ಆಪರೇಷನ್ ಆಯಿತು.

ಮ್ಯಾನೇಜರ್ ಟೇಬಲ್ಲಿನ ಮೇಲೆ ಸ್ಕೀ, ಪಕ್ಕದಲ್ಲಿ ಫಾರ್ಮು. ಎರಡು ತೂತು ಸೇರಿ ಒಂದು ಹರಿದ ಬಾಯಿಯ ಹಾಗಾಗಿತ್ತು. ಮೇಸ್ತ್ರಿ ಬಗ್ಗಿ ಆ ತೂತನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಕೈ ನೋಡಿದರು. “ಯಾರು ಮಾಡಿದ್ದು?” ಅಂತ ಮ್ಯಾನೇಜರ್ ಕೇಳಿದಾಗ ನಾನು ನೆಲ ನೋಡಿದೆ.

“ಸೈನ್ ಮೇರಾ ಹೈ” ಅಂದರು ಮೇಸ್ತ್ರಿ, ಸಹಿ ನನ್ನದು ಅಂತ. ಅಷ್ಟೇ.

ರಿನ್ಯೂ ನಿಂತಿತು. ವೀಸಾ ಕ್ಯಾನ್ಸಲ್ ಆಯಿತು. ಜಾರ್ಜಿಯಾದ ಟಿಕೆಟ್ ಹಾಗೇ ಹೋಯಿತು. ಹೊರಡುವ ದಿನ ಅಲ್ ಕೂಜ್‌ನ ಅವರ ರೂಮಿಗೆ ಹೋದೆ. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

“ಮೇಸ್ತ್ರಿ, ನಾನು ಹೋಗಿ ಹೇಳ್ಬಿಡ್ತೀನಿ. ನಾನೇ ಮಾಡಿದ್ದು ಅಂತ.”

“ನಿನ್ನ ಕೈ ತೂತು ನಂಗೆ ಗೊತ್ತಾಗುದಿಲ್ವಾ?” ತಲೆ ಎತ್ತಲಿಲ್ಲ. “ನಾಲ್ಕು ದಿನ ಕಾದೆ ಮಾರಾಯ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ಈಗ ಖಲಾಸ್. ಪಾಸ್‌ಪೋರ್ಟಿಗೆ ಕ್ಯಾನ್ಸಲೇಶನ್ ಪೇಪರ್ ಬಂದಾಯ್ತು.”

ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು ನನ್ನ ಕಡೆ ತಿರುಗಿದರು.

“ಆ ಹುಡುಗಿ ಕಾಲು ಹೇಗುಂಟು? ನೋಡ್ಲಿಕ್ಕೆ ಹೋಗಿದ್ಯಾ?”

ಹೋಗಿರಲಿಲ್ಲ. ಅವರು ಎರಡು ಸಲ ಹೋಗಿದ್ದರಂತೆ. ಅಪ್ಪ ಬಾಗಿಲಲ್ಲೇ ಬೈದು ಕಳಿಸಿದ್ದರಂತೆ.

ಎಂಟು ತಿಂಗಳಿಗೆ ವಾಟ್ಸಾಪ್ ಗ್ರೂಪಿನಲ್ಲಿ ಮೇಸ್ತ್ರಿಯ ಫೋಟೋ ಬಂತು, ಕೆಳಗೆ ಕೈಮುಗಿದ ಸಾಲು ಸಾಲು ಚಿಹ್ನೆಗಳು. ಹಾರ್ಟ್ ಅಟ್ಯಾಕ್ ಅಂತೆ. ನಾನೂ ಒಂದು ಕೈಮುಗಿದ ಚಿಹ್ನೆ ಹಾಕಿದೆ. ಅಷ್ಟು ಹೊತ್ತಿಗೆ ಅವರ ಜಾಗದಲ್ಲಿ ನಾನೇ ಸೀನಿಯರ್. ಕೈಗೆ ಬಂದ ವಿದ್ಯೆಯೆಲ್ಲ ಅವರದು. ಕೂತಿರುವ ಕುರ್ಚಿಯೂ ಅವರದೇ.

ನಿನ್ನೆ ಮ್ಯಾನೇಜರಿಗೂ ಆ ಹುಡುಗಿಯ ಅಪ್ಪನಿಗೂ ನಡೆದದ್ದನ್ನೆಲ್ಲ ಬರೆದು ಕಳಿಸಿದೆ. ಉತ್ತರ ಬಂದಿಲ್ಲ. ಯಾರಿಗೆ ಹೇಳಬೇಕಿತ್ತೋ ಅವರಂತೂ ಇಲ್ಲ.

ಕಾಮೆಂಟಿನಲ್ಲಿ ನನಗೆ ಸಮಾಧಾನ ಹೇಳಬೇಡಿ. ನಿಮ್ಮ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು ಹೋದವರು ಯಾರಾದರೂ ಇದ್ದರೆ, ಅವರ ಬಗ್ಗೆ ಬರೆಯಿರಿ. ಬದುಕಿದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ಇಲ್ಲಿಗೆ ಬನ್ನಿ.