ಕಂಟ್ರೋಲರ್ ಪರಮೇಶ್ವರಪ್ಪನವರ ರಷ್ಯಾ ರಿಹರ್ಸಲ್

"ನನ್ನ ಮಾತು ಕೇಳಿ ಬಸ್ ತಪ್ಪಿಸ್ಕೊಂಡ ಮನುಷ್ಯ ಈ ಭೂಮಿ ಮ್ಯಾಲೆ ಇನ್ನೂ ಹುಟ್ಟಿಲ್ಲ. ಮಾಸ್ಕೋ ಏನು ಮಹಾ? ಹರಿಹರದ ಬಸ್ ಸ್ಟ್ಯಾಂಡಿಗೆ ಒಂಚೂರು ಐಸ್ ಸುರಿದ್ರೆ ಅದೇ ಮಾಸ್ಕೋ!"

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ತಮ್ಮ ಮನೆಯಲ್ಲಿ ತಟ್ಟೆಯ ರೊಟ್ಟಿಯನ್ನು ರಷ್ಯಾದ ನಕ್ಷೆಯಂತೆ ಎತ್ತಿ ಹಿಡಿದು ಪರಮೇಶ್ವರಪ್ಪನವರು ಹೀಗೆಂದಾಗ ಹೆಂಡತಿ ಕಸ್ತೂರಮ್ಮ, ಮಗಳು ರೂಪಶ್ರೀ ಇಬ್ಬರೂ ತಮ್ಮ ತಟ್ಟೆಗೆ ಪಲ್ಯ ಬಡಿಸಿಕೊಂಡರು. ಮೊದಲ ಮಾತು ಅರ್ಧವಾದರೂ ಸುಳ್ಳಾಗಿದ್ದರೆ ಜಗಳಾಡಬಹುದಿತ್ತು. ಹರಿಹರದ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವರು ಅವರು. ಒಂದು ಮಳೆಗಾಲದಲ್ಲಿ ನಿಲ್ದಾಣದ ಮೈಕು ಕೆಟ್ಟು ಎರಡು ತಿಂಗಳು ಯಾರಿಗೂ ಅದು ಗೊತ್ತೇ ಆಗಲಿಲ್ಲ. ಅವರ ಬರಿಗಂಟಲಿನ ಕೂಗು ಕೇಳಿಯೇ ಮೈಲಿಗಟ್ಟಲೆ ದೂರದ ಭಾನುವಳ್ಳಿಯ ಜನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು, ತುಂಗಭದ್ರೆಯ ಸೇತುವೆ ಮೇಲೆ ಲಾರಿಗಳು ತಾವಾಗಿಯೇ ಬ್ರೇಕು ಹಾಕುತ್ತಿದ್ದವು. ಚೀಲ ಹಿಡಿದ ಕೈ ನೋಡಿ ಆ ಮನುಷ್ಯ ಯಾವ ಊರಿಗೆ ಹೋಗುವವನೆಂದು ಹೇಳುತ್ತಿದ್ದರು; ಎದುರಾಡಿದವರೂ ಕೊನೆಗೆ ಅದೇ ಊರಿಗೆ ಹೋಗುತ್ತಿದ್ದರು.

ಹೀಗೆ ಲಕ್ಷಾಂತರ ಜನರನ್ನು ಊರೂರಿಗೆ ಹತ್ತಿಸಿದ ಪುಣ್ಯಾತ್ಮ ತಾನು ಮಾತ್ರ ಹುಬ್ಬಳ್ಳಿ ದಾಟಿರಲಿಲ್ಲ.

ರಷ್ಯಾದ ಹುಚ್ಚು ಹಿಡಿದದ್ದು ಆರನೇ ಇಯತ್ತೆಯಲ್ಲಿ. ಆಗ ಅಲ್ಲಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆಗಳನ್ನು ಶಾಲೆಯ ಮಕ್ಕಳೆಲ್ಲ ಪುಸ್ತಕಕ್ಕೆ ರಟ್ಟು ಹಾಕಲು ಬಳಸುತ್ತಿದ್ದರು. ಅವರ ಗಣಿತದ ಪುಸ್ತಕಕ್ಕೆ ಬಂದದ್ದು ಮಾಸ್ಕೋದ ಮೆಟ್ರೋ ನಿಲ್ದಾಣ: ಅಮೃತಶಿಲೆಯ ಕಂಬ, ಮದುವೆಮನೆಯಂಥ ದೀಪದ ಗೊಂಚಲು. ನಿಲ್ದಾಣವೆಂದರೆ ಹೀಗೂ ಇರುತ್ತದೆಯೇ ಎಂದು ನೋಡುತ್ತ ಕೂತು ಗಣಿತದಲ್ಲಿ ಹನ್ನೆರಡು ಅಂಕ ತೆಗೆದರು.

ಈಗ ನಿವೃತ್ತಿಯ ಮೇಲೆ, ಅರವತ್ತಾರನೇ ವಯಸ್ಸಿಗೆ ಪ್ಲಾನು ಸಿದ್ಧ. ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಎಂಟು ದಿನದ ವೇಳಾಪಟ್ಟಿ: ಮಾಸ್ಕೋ ಮೂರು ದಿನ, ಕಜಾನ್ ಎರಡು, ಪೀಟರ್ಸ್‌ಬರ್ಗ್ ಮೂರು. ನಮ್ಮ ಬ್ಯಾಂಕ್ ಕಾರ್ಡು ಅಲ್ಲಿ ನಡೆಯದೆಂದು ತಿಳಿದು ನೋಟು ಇಡಲು ಬನಿಯನ್ನಿಗೆ ಒಳಜೇಬು ಹೊಲಿಸಿದ್ದರು. ರಷ್ಯನ್ ಅಕ್ಷರಗಳನ್ನು ಅಡುಗೆಮನೆಯ ಡಬ್ಬಿಗಳ ಮೇಲೆ ಬರೆದು ಕಲಿತಿದ್ದರು; ಪರಿಣಾಮವಾಗಿ ಕಸ್ತೂರಮ್ಮ ಒಂದು ವಾರ ಚಹಾಕ್ಕೆ ಉಪ್ಪು ಹಾಕಿದ್ದರು. ಉಳಿದದ್ದು ವೀಸಾ, ವಿಮಾನದ ಟಿಕೆಟ್ಟು ಎರಡೇ. ಎರಡಕ್ಕೂ ಪಾಸ್‌ಪೋರ್ಟು ಬೇಕು, ಪಾಸ್‌ಪೋರ್ಟು ಬೀರುವಿನಲ್ಲಿ, ಬೀರುವಿನ ಬೀಗದಕೈ ಕಸ್ತೂರಮ್ಮನ ಸೊಂಟದಲ್ಲಿ.

"ನನಗೆ ಮಂಡಿ ನೋವು, ನಾ ಬರಾಂಗಿಲ್ಲ. ನಿಮ್ಮನ್ನ ಒಬ್ಬರನ್ನೇ ಹೆಂಗೆ ಕಳಿಸ್ಲಿ? ಟೂರಿನೋರ ಜೊತೆ ಹೋಗ್ರಿ."

"ಟೂರಿನಾಗೆ ಬಾವುಟ ಹಿಡ್ಕಂಡ ಗೈಡು ಕುರಿ ಎಣಿಸಿದಂಗೆ ನನ್ನ ಎಣಿಸೋದು ಬ್ಯಾಡ. ನಾನೇ ಜನಾನ ಎಣಿಸಿದೋನು!"

"ಹಂಗಾರೆ ಒಂದು ಪರೀಕ್ಷೆ. ಹರಿಹರನೇ ಮಾಸ್ಕೋ ಅಂದ್ರಲ್ಲ, ದಾವಣಗೆರೆ ಪೀಟರ್ಸ್‌ಬರ್ಗ್ ಅನ್ಕಳ್ರಿ. ರಿಸರ್ವ್ ಮಾಡಿದ ಬಸ್ಸಿನಾಗೆ ಸಾಮಾನು ಸಮೇತ ಒಬ್ಬರೇ ಬರ್ರಿ. ಬಂದ್ರೆ ಬೀಗದಕೈ ನಿಮ್ದು. ಬಸ್ ತಪ್ಪಿದ್ರೆ ಬಾವುಟದ ಹಿಂದೆ."

ರೂಪಶ್ರೀ ಹರಿಹರದಿಂದ ದಾವಣಗೆರೆ ಮೇಲೆ ಹೋಗುವ ಹನ್ನೊಂದು ಗಂಟೆಯ ಬೆಂಗಳೂರು ಬಸ್ಸಿನಲ್ಲಿ ಏಳನೇ ನಂಬರಿನ ಸೀಟು ಕಾದಿರಿಸಿದಳು.

ಆ ದಿನ ಬಾತಿ ಗುಡ್ಡದ ಬಂಡೆಗಳೂ ಎದ್ದು ನೆರಳು ಹುಡುಕುವಂಥ ಬಿಸಿಲು. ಪರಮೇಶ್ವರಪ್ಪನವರು ಸ್ವೆಟರು, ಮಫ್ಲರು, ಮಂಗನ ಟೋಪಿ ಸಮೇತ ಒಂಬತ್ತೂವರೆಗೇ ಹರಿಹರದ ನಿಲ್ದಾಣದಲ್ಲಿದ್ದರು. ರಿಹರ್ಸಲ್ ಎಂದರೆ ರಿಹರ್ಸಲ್. ಹತ್ತೂಮುಕ್ಕಾಲಿಗೆ ಬಸ್ಸು ಬಂತು. ಹತ್ತಿ, ಏಳನೇ ಸೀಟಿನಲ್ಲಿ ಕೂತು ಬ್ಯಾಗನ್ನು ತೊಡೆ ಮೇಲಿಟ್ಟು, ಟೋಪಿ ತೆಗೆದು ಅದರ ಮೇಲಿಟ್ಟರು. ಗೆದ್ದಾಗಿತ್ತು.

ಕಿಟಕಿಯ ಕೆಳಗೆ ಎರಡು ಚೀಲ ಹಿಡಿದು ಖೈರುನ್ನೀಸಾ ಎಂಬ ಹೆಣ್ಣುಮಗಳು ನಿಂತಿದ್ದಳು. "ಅಣ್ಣಾರೆ, ಭಾನುವಳ್ಳಿ ಬಸ್ ಎಲ್ಲಿ ನಿಂದರ್ತೈತ್ರಿ?"

ಕೂತಲ್ಲಿಂದಲೇ ಕೈ ತೋರಿಸಿದರು. ಆಕೆ ತದ್ವಿರುದ್ಧ ದಿಕ್ಕಿಗೆ ನಡೆದಳು. ಮೂವತ್ತೊಂದು ವರ್ಷದ ನೌಕರಿ ಅದನ್ನು ನೋಡಿಕೊಂಡು ಕೂರುವುದೆಂತು? ಎರಡೇ ನಿಮಿಷವೆಂದು ಬ್ಯಾಗು, ಟೋಪಿ ಸೀಟಿನ ಮೇಲೆ ಬಿಟ್ಟು ಇಳಿದರು. ಆಕೆಯನ್ನು ಹತ್ತಿಸಿ ತಿರುಗಿದರೆ ಮಲೇಬೆನ್ನೂರಿನವರು, ಅವರ ಹಿಂದೆ ಹೊನ್ನಾಳಿಯವರು, ಹರಪನಹಳ್ಳಿಯ ದಿಬ್ಬಣವೊಂದು. ಆ ಬಿಸಿಲಿನಲ್ಲಿ ಸ್ವೆಟರು ತೊಟ್ಟವರು ದೊಡ್ಡ ಅಧಿಕಾರಿಯೇ ಇರಬೇಕೆಂದು ಜನ ಸಾಲುಗಟ್ಟಿದರು. ಸಾಲಿನ ಕೊನೆಯಲ್ಲಿ ಈಗಿನ ಕಂಟ್ರೋಲರೂ ಬಂದು ನಿಂತು, "ಸರ್, ಚನ್ನಗಿರಿ ಗಾಡಿ ಎಲ್ಲಿ ಹಾಕ್ಲಿ?" ಎಂದ. ಕೇಳಿದವನು ಮೈಕನ್ನೂ ಕೈಗಿತ್ತ.

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಪರಮೇಶ್ವರಪ್ಪನವರ ಗಂಟಲು ಅದಾಗಿಯೇ ತೆರೆಯಿತು: "ಪ್ರಯಾಣಿಕರ ಗಮನಕ್ಕೆ! ಬೆಂಗಳೂರು ಬಸ್ಸು ಹೊರಡುತ್ತಲಿದೆ, ಸೀಟು ಕಾದಿರಿಸಿದವರು ಕೂಡಲೇ ಹತ್ತಬೇಕು. ಡ್ರೈವರ್, ರೈಟ್... ರೈಟ್!"

ಬಸ್ಸು ಶಿಸ್ತಾಗಿ ಹೊರಟಿತು. ಏಳನೇ ಸೀಟಿನ ಕಿಟಕಿಯಲ್ಲಿ ಮಂಗನ ಟೋಪಿಯೊಂದು ಅವರನ್ನೇ ನೋಡುತ್ತ ಹೋಯಿತು.

ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ದಾವಣಗೆರೆ ನಿಲ್ದಾಣ ಸೇರಿದಾಗ, ಮಗಳೊಡನೆ ಕಾಯಲು ಬಂದಿದ್ದ ಕಸ್ತೂರಮ್ಮ ಬೆಂಗಳೂರು ಬಸ್ಸಿನಿಂದ ಇಳಿಸಿಕೊಂಡ ಆ ಬ್ಯಾಗಿನ ಮೇಲೆಯೇ ಕೂತಿದ್ದರು. ಕೈಯಲ್ಲಿ ಟೋಪಿ.

"ಪೀಟರ್ಸ್‌ಬರ್ಗಿಗೆ ಬ್ಯಾಗು ಟೈಮಿಗೆ ಸರಿಯಾಗಿ ಬಂತ್ರಿ. ನೀವೇ ಹಿಂದೆ ಉಳಿದ್ರಿ."

"ಅಪ್ಪಾಜಿ, ಯಾರು ಬಿಟ್ರು ನಿಮ್ಮ ಬಸ್ಸನ್ನ?" ಎಂದಳು ರೂಪಶ್ರೀ.

"ನಾನೇ ಬಿಟ್ಟೆ ಕಣವ್ವ." ಆ ದನಿ ಹುಟ್ಟಿದಾಗಿನಿಂದ ಮೊದಲ ಸಲ ಪಕ್ಕದವರಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಯಾರೋ ಬಂದು, "ಯಜಮಾನ್ರೇ, ಹೊಳಲ್ಕೆರೆ ಬಸ್ಸು?" ಎಂದ. ಪರಮೇಶ್ವರಪ್ಪನವರ ಕೈ ತಾನಾಗಿಯೇ ಮೇಲೆದ್ದು ದಿಕ್ಕು ತೋರಿಸಿತು. ಎದ್ದ ಕೈಯನ್ನು ಅವರೇ ನೋಡಿಕೊಂಡರು. ಎದೆ ಮತ್ತೆ ಉಬ್ಬಿತು.

"ನೋಡಿದ್ರಾ? ಈ ಸೀಮೆನಾಗೆ ನನಗೆ ನನ್ನ ಬಸ್ ಹತ್ತಾಕೆ ಯಾರೂ ಬಿಡಾಂಗಿಲ್ಲ. ಮಾಸ್ಕೋದಾಗೆ ನನ್ನನ್ನ ದಾರಿ ಕೇಳೋರು ಯಾರು? ಅವರ ಮಾತು ನನಗೆ ತಿಳಿಯಂಗಿಲ್ಲ, ನನ್ನ ಮಾತು ಅವರಿಗೆ ತಿಳಿಯಂಗಿಲ್ಲ. ಅಲ್ಲಿಗೆ ಹೋದ್ರಷ್ಟೇ ಕಸ್ತೂರಿ, ನನ್ನ ಬಸ್ ನಾನು ಹತ್ತೋದು."

ಕಸ್ತೂರಮ್ಮ ಕೈಯಲ್ಲಿದ್ದ ಟೋಪಿಯ ಧೂಳು ಕೊಡವಿದರು. ಆಮೇಲೆ ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟರು. ಸುಮ್ಮನೆ ಕೊಟ್ಟರೆ ಅವರು ಕಸ್ತೂರಮ್ಮ ಹೇಗಾದಾರು?

"ಅಲ್ಲೂ ಯಾರಾದ್ರೂ ನಮ್ಮ ಕಡೆಯೋರು ಗಂಟು ಬಿದ್ದು ಬಸ್ ಕೇಳಿದ್ರೆ ಏನ್ ಮಾಡ್ತೀರಿ?"

ಪರಮೇಶ್ವರಪ್ಪನವರು ಅವರ ಕೈಯಿಂದ ಟೋಪಿ ತೆಗೆದುಕೊಂಡು ಕುತ್ತಿಗೆಯವರೆಗೂ ಎಳೆದುಕೊಂಡರು.

"ಮತ್ತೆ ಇದನ್ನ ಯಾಕ ತಂದೀನಿ ಅಂತ ಮಾಡಿದ್ದಿ? ಚಳಿಗಲ್ಲ ಮಾರಾಯ್ತಿ, ಕಿವಿ ಮುಚ್ಚಾಕೆ!"