ಒಂದು ಗೇಣು ಜಾಗ

ಪ್ಯಾರಾದ ಮೊದಲ ಸಾಲಿನ ಮುಂದೆ ಬಿಡುವ ಪುಟ್ಟ ಖಾಲಿ ಜಾಗವನ್ನು ನೀವು ಎಂದೂ ಓದಿರಲಿಕ್ಕಿಲ್ಲ. ಅದು ಇಲ್ಲವಾದಾಗ ಮಾತ್ರ ಪುಟಕ್ಕೇನೋ ಆಗಿದೆಯೆಂದು ಹುಬ್ಬು ಗಂಟಿಕ್ಕುತ್ತೀರಿ. ಆ ಶೂನ್ಯವನ್ನು ಸೃಷ್ಟಿಸುವುದು ನನ್ನ ಉದ್ಯೋಗದ ಅರ್ಧಭಾಗವಾಗಿತ್ತು. ಧಾರವಾಡದಲ್ಲಿ ಟೈಪಿಂಗ್ ಕಲಿತು ಪುಣೆಗೆ ಬಂದ ನನ್ನ ಹೆಬ್ಬೆರಳು, ಸ್ಪೇಸ್ ಬಾರನ್ನು ಲಯಬದ್ಧವಾಗಿ ಕುಟ್ಟದೆ ಯಾವ ಹೊಸ ವಿಚಾರವನ್ನೂ ಆರಂಭಿಸುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಪುಣೆ ಬಳಿಯ ನಿಗಡಿಯ ನಮ್ಮ ಕಾರ್ಖಾನೆಯ ಕಚೇರಿಗೆ ಟೈಪ್‌ರೈಟರ್ ಬದಲು ವರ್ಡ್ ಪ್ರೊಸೆಸರ್ ಯಂತ್ರ ಬಂದಿತು. ಅದರಲ್ಲಿ ಕೆಲಸ ಸಾಧಿಸಿದರೆ ಅದರ ಮುಂದಿನ ಕುರ್ಚಿ ನನ್ನದು, ಇಲ್ಲವಾದರೆ ಉಗ್ರಾಣದ ಮೂಲೆ ಎಂದು ಮ್ಯಾನೇಜರ್ ಸಾಹೇಬರು ಮರಾಠಿಯಲ್ಲಿ ಮೃದುವಾಗಿಯೇ ಹೇಳಿದರು. ನಾನು ಅಳುಕಲಿಲ್ಲ. ಯಂತ್ರದ ಜೊತೆ ಬಂದ ದಪ್ಪ ಪುಸ್ತಕವನ್ನು, ಪರದೆ ಕಣ್ಣಿನ ಮಟ್ಟಕ್ಕೆ ಬರಲೆಂದು ಅದರಡಿಗೇ ಇಟ್ಟು, ಗಿರಾಕಿಗಳಿಗೆ ಕೊಡಬೇಕಾದ ಕೈಪಿಡಿಯನ್ನು ಹಳೆಯ ಲಯದಲ್ಲೇ ಕುಟ್ಟಿ ಮುಗಿಸಿದೆ.

ಸಾಹೇಬರು ನೋಡಿ, ಎಲ್ಲ ಚೆನ್ನಾಗಿದೆ, ಪ್ಯಾರಾಗಳ ಮುಂದಿನ ಜಾಗವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ ಎಂದರು. ನಾನು ಒಂದೊಂದೇ ಪ್ಯಾರಾಕ್ಕೆ ಹೋಗಿ ಜಾಗವನ್ನು ಕತ್ತರಿಸುತ್ತಾ ಕೂತೆ. ಸಂಜೆಯ ಹೊತ್ತಿಗೆ ಅಚ್ಚಾಗಿ ಬಂದ ಪುಟಗಳಲ್ಲಿ ಒಂದು ಪ್ಯಾರಾ ಅಂಚಿಗೆ ಅಂಟಿಕೊಂಡಿದ್ದರೆ ಇನ್ನೊಂದು ನಡುಮನೆಗೇ ನುಗ್ಗಿತ್ತು. ಸಾಹೇಬರು ಬೈಯಲಿಲ್ಲ. ಸೋಮವಾರ ನಿರ್ಧರಿಸೋಣ ಎಂದರು, ಅದು ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ನಡುವಿನ ಭಾನುವಾರ ಬಿಬವೇವಾಡಿಯ ನಮ್ಮ ಬಾಡಿಗೆ ಮನೆಗೆ ಧಾರವಾಡದ ನೆಂಟರು ಊಟಕ್ಕೆ ಬಂದರು. ಗೋಡೆಗೆ ಆಗಷ್ಟೇ ಸುಣ್ಣ ಬಳಿಸಿದ್ದೆವು. ಒರಗಿದವರ ಬೆನ್ನೆಲ್ಲ ಬೆಳ್ಳಗಾಗುತ್ತಿತ್ತು. ನಾನು ಉದ್ಯೋಗದ ಚಾಳಿಯಂತೆ ಪ್ರತಿ ಮಣೆಯನ್ನೂ ಗೋಡೆಯಿಂದ ಅಳೆದು ಸರಿಸುತ್ತಿದ್ದೆ. ಒಬ್ಬರು ಬಂದು ಸಾಲಿನಲ್ಲಿ ಸೇರಿಕೊಂಡರೆ ಉಳಿದವರು ಜರುಗಿ ನನ್ನ ಅಳತೆಯೆಲ್ಲ ಮಣ್ಣುಪಾಲಾಗುತ್ತಿತ್ತು. ನನ್ನ ಹೆಂಡತಿ ಶಾಂತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಗ್ವಾಡಿ ಸುಣ್ಣಾ ಮೈಗೆ ಹತ್ತತದ್ರಿ. ಎಲ್ಲಾರೂ ಒಂದ ಗೇಣ ಬಿಟ್ಟು ಕೂಡ್ರಿ."

ಅಷ್ಟೇ. ಸಾಲು ತಾನಾಗಿ ಮುಂದೆ ಸರಿಯಿತು. ಆಮೇಲೆ ಬಂದವರೂ ಪಕ್ಕದವರನ್ನು ನೋಡಿ ಹಾಗೆಯೇ ಕೂತರು. ಸರಿಸುತ್ತಿದ್ದ ಮಣೆ ಕೈಯಲ್ಲೇ ಉಳಿದು ನಾನು ಬೆಪ್ಪಾಗಿ ನಿಂತೆ. ಪ್ರತಿಯೊಬ್ಬರನ್ನೂ ಸರಿಸುವುದಲ್ಲ, ಎಲ್ಲರಿಗೂ ಸೇರಿ ಒಮ್ಮೆ ಹೇಳಿಬಿಡುವುದು! ಯಂತ್ರಕ್ಕೂ ಹಾಗೆ ಹೇಳುವ ದಾರಿ ಇದ್ದೇ ಇರಬೇಕು ಎಂಬ ಭರವಸೆ ನನಗೆ ಅಲ್ಲಿಯೇ ಹುಟ್ಟಿತು.

ಸೋಮವಾರ ಬೆಳಿಗ್ಗೆ ಪರದೆಯಡಿಯ ಪುಸ್ತಕಕ್ಕೆ ವಿಮೋಚನೆ ದೊರೆಯಿತು. ದಾರಿ ಅದರಲ್ಲೇ ಇತ್ತು. ನಾನು ಕುಟ್ಟಿದ್ದ ಖಾಲಿ ಜಾಗವನ್ನೆಲ್ಲ ಅಳಿಸಿ, ಮೊದಲ ಸಾಲುಗಳು ಇಷ್ಟು ಒಳಗೆ ಬರಲಿ ಎಂದು ಒಮ್ಮೆ ಆಜ್ಞಾಪಿಸಿದೆ; ಇಡೀ ಕೈಪಿಡಿ ವಿನಯದಿಂದ ಸರಿದು ಕೂತಿತು. ಸಾಹೇಬರು ಇನ್ನಷ್ಟು ಕಡಿಮೆ ಎಂದರು. ಚಹಾ ಆರುವುದರೊಳಗೆ ಅದೂ ಆಯಿತು. ಕುರ್ಚಿ ನನ್ನದಾಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಬಂದವನೇ ಕೂತು ನನ್ನ ದಿಗ್ವಿಜಯವನ್ನು ಸವಿಸ್ತಾರವಾಗಿ ವರ್ಣಿಸಿದೆ: ಯಂತ್ರಕ್ಕೆ ಒಮ್ಮೆ ಹೇಳಿದರೆ ಸಾಕು, ಮತ್ತೆ ಹೇಳುವ ಪ್ರಮೇಯವೇ ಇಲ್ಲ. ಶಾಂತಾ ಪೂರ್ತಿ ಕೇಳಿ, ನನ್ನನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ ಅಂಗಿಯ ಬೆಳ್ಳಗಾದ ಹಿಂಭಾಗ ನೋಡಿದಳು.

"ಮಷಿನ್‌ಗೆ ಒಮ್ಮೆ ಹೇಳಿದ್ರ ಸಾಕು ಅಂತೀರಿ. ನಿಮಗ ಎಷ್ಟ ಸಲ ಹೇಳಬೇಕ್ರಿ?"

ಬಿಟ್ಟ ಜಾಗವನ್ನು ಯಾರೂ ಓದುವುದಿಲ್ಲ. ನಾನು ಬಿಡದೆ ಹೋದ ಒಂದು ಗೇಣನ್ನು ಅವಳು ನನ್ನ ಬೆನ್ನ ಮೇಲೆ ಸಾವಕಾಶವಾಗಿ ಓದುತ್ತಿದ್ದಳು.